ಹಿಮಸಾಗರದ ಶವಭಕ್ಷಕ ಪಕ್ಷಿಗಳು ಮತ್ತು ನಮ್ಮ ನಾಡಿನ ರಣಹದ್ದುಗಳು

ಸತ್ತ ಪ್ರಾಣಿಗಳ ಮಾಂಸವನ್ನು ತಿಂದು ಜೀವಿಸುವ ಪಕ್ಷಿಗಳೆಂದರೆ ಜನಕ್ಕೆ ಸಾಮಾನ್ಯವಾಗಿ ಜುಗುಪ್ಸೆ. ಪ್ರಕೃತಿಯ ವ್ಯವಹಾರದಲ್ಲಿ ಅವುಗಳ ಸ್ಥಾನ ಎಷ್ಟು ಹಿರಿದೆಂಬುದು ಅವು ಇಲ್ಲವಾದ ಮೇಲೆಯೇ ತಿಳಿದುಬರುತ್ತದೆ.

ಶಿವನಸಮುದ್ರದಲ್ಲಿ ಕಾವೇರಿಯು ಗಗನಚುಕ್ಕಿ, ಭರಚುಕ್ಕಿಗಳಾಗಿ ಧುಮುಕುತ್ತಾಳೆ. ಆ ಹೊಳೆಯ ದಡದಲ್ಲಿ ಸತ್ತ ಮೀನೊಂದು ಬಿದ್ದಿತೆನ್ನೋಣ. ಗರುಡ, ಹದ್ದು, ಕಾಗೆಗಳ ಕಣ್ಣಿಗೆ ಅದು ಬೀಳದೆ ಹೋದರೂ ನೊಣದ ಹುಳುಗಳು, ಇರುವೆಗಳು, ಸೂಕ್ಷ್ಮಜೀವಿಗಳು ಸೇರಿ ಕೆಲವೇ ದಿನಗಳಲ್ಲಿ ಅದನ್ನು ಮುಗಿಸುತ್ತವೆ. ಉಷ್ಣವಲಯದಲ್ಲಿ ಈ ಕಾರ್ಯಕ್ಕೆ ಭಾಗಿಗಳು ಅನೇಕ.

ದಕ್ಷಿಣ ಧ್ರುವಪ್ರದೇಶದ ಸ್ಥಿತಿಯೇ ಬೇರೆ. ಅಲ್ಲಿಯ ಚಳಿಯಲ್ಲಿ ಕೊಳೆಯುವಿಕೆ ಅತಿ ಮಂದ, ಕೀಟಗಳು ಅತ್ಯಲ್ಪ, ನರಿ, ಕತ್ತೆಕಿರುಬಗಳಂತಹ ನೆಲದ ಸಸ್ತನಿಗಳು ಅಂಟಾರ್ಕ್ಟಿಕದಲ್ಲಿ ಇಲ್ಲವೇ ಇಲ್ಲ. ಆದುದರಿಂದ ದಡದಲ್ಲಿ ಸತ್ತ ಸೀಲ್, ಪೆಂಗ್ವಿನ್‌ಗಳನ್ನು ವಿಲೇವಾರಿ ಮಾಡುವ ಭಾರ ಬಹುಮಟ್ಟಿಗೆ ಪಕ್ಷಿಗಳ ಮೇಲೆಯೇ ಬೀಳುತ್ತದೆ.

ಇವುಗಳಲ್ಲಿ ಮುಖ್ಯವಾದುದು ಮಹಾಪೆಟ್ರೆಲ್. ಇದರಲ್ಲಿ ಎರಡು ಪ್ರಭೇದಗಳುಂಟು. ರೆಕ್ಕೆಗಳ ಹರವು ಸುಮಾರು 2 ಮೀಟರು. ನಮ್ಮ ರಣಹದ್ದು ಆಹಾರವನ್ನು ಕಣ್ಣಿನಿಂದ ಹುಡುಕಿದರೆ, ಕೊಕ್ಕಿನ ಮೇಲೆ ನಳಿಗೆಯಾಕಾರದ ಮೂಗುಳ್ಳ ಈ ಹಕ್ಕಿಗೆ ವಾಸನೆಯೂ ದಾರಿ ತೋರುತ್ತದೆ. ಎರಡನೆಯದು ಸ್ಕೂವಾ, ಇದು ಹೆಣವನ್ನು ತಿನ್ನುವುದಲ್ಲದೆ ಪೆಂಗ್ವಿನ್ನಿನ ಮೊಟ್ಟೆ, ಮರಿಗಳನ್ನು ಕದಿಯುತ್ತದೆ, ಇತರ ಹಕ್ಕಿಗಳ ಬಾಯಿಯ ತುತ್ತನ್ನೂ ಕಸಿಯುತ್ತದೆ. ಮೂರನೆಯದಾದ ಬಿಳಿಯ ಶೀತ್‌ಬಿಲ್ ಹಕ್ಕಿಗೆ ಜಾಲಪಾದವಿಲ್ಲ. ಇದು ಪೆಂಗ್ವಿನ್‌ಗಳ ನಡುವೆ ನಡೆದಾಡುತ್ತ ಚೆಲ್ಲಿದ ಆಹಾರವನ್ನೂ ಹಿಕ್ಕೆಯನ್ನೂ ಬಿಡದೆ ತಿನ್ನುತ್ತದೆ. ಉತ್ತರ ಧ್ರುವದ ಕಡೆ ದಂತವರ್ಣದ ಗಲ್ ಎಂಬ ಹಕ್ಕಿಯು ಹಿಮಕರಡಿಯನ್ನು ಹಿಂಬಾಲಿಸಿ ಅದು ತಿಂದುಬಿಟ್ಟ ಸೀಲ್ ಮಾಂಸದ ಮೇಲೆ ಬದುಕುತ್ತದೆ.

ಈ ಬಳಗವು ನಮಗೆ ಪೂರ್ಣವಾಗಿ ಅಪರಿಚಿತವೇನಲ್ಲ. ರಷ್ಯದ ಉತ್ತರದ ಟಂಡ್ರಾ ಬಯಲುಗಳಲ್ಲಿ ಮರಿಮಾಡುವ ಹ್ಯೂಗ್ಲಿನ್ ಗಲ್ ಚಳಿಗಾಲದಲ್ಲಿ ಕರ್ನಾಟಕದ ಕರಾವಳಿಗೆ ಬಂದು, ಮೀನುಗಾರರು ಬಿಸುಟ ಮೀನಿನ ಚೂರುಗಳನ್ನು ಆಯ್ದು ತಿನ್ನುತ್ತದೆ.

ಶವಭಕ್ಷಕ ಪಕ್ಷಿಗೆ ಅದರ ವೃತ್ತಿಯೇ ಅಪಾಯವೂ ಆಗಿದೆ. ಏಕೆಂದರೆ ಸತ್ತ ದೇಹದಲ್ಲಿ ಏನಿದೆಯೋ ಅದೆಲ್ಲವೂ ತಿಂದವನ ದೇಹವನ್ನು ಸೇರುತ್ತದೆ. 2023ರ ಅಕ್ಟೋಬರಿನಲ್ಲಿ ದಕ್ಷಿಣ ಜಾರ್ಜಿಯಾ ಪ್ರದೇಶದಲ್ಲಿ ಹಕ್ಕಿಜ್ವರವು ಮೊದಲು ಪತ್ತೆಯಾದುದು ಕಂದು ಸ್ಕೂವಾಗಳಲ್ಲಿ. 2024ರ ಫೆಬ್ರವರಿಯಲ್ಲಿ ಅಂಟಾರ್ಕ್ಟಿಕದ ಮುಖ್ಯಭೂಮಿಯಲ್ಲಿ ಅದು ದೃಢಪಟ್ಟುದೂ ಸ್ಕೂವಾಗಳಲ್ಲಿಯೇ. ಮಹಾಪೆಟ್ರೆಲ್‌ಗಳಾದರೋ ಮೀನುಗಾರಿಕೆಯ ಹಡಗುಗಳು ಬಿಡುವ ಉದ್ದನೆಯ ಗಾಳದ ಹಗ್ಗಗಳಲ್ಲಿನ ಎರೆಗೆ ಆಸೆಪಟ್ಟು, ಗಾಳಕ್ಕೆ ಸಿಕ್ಕಿ ಮುಳುಗಿ ಸತ್ತುದುಂಟು.

ಇದೇ ಕಥೆ ನಮ್ಮ ಬಳಿಯಲ್ಲಿಯೂ ನಡೆದಿದೆ. ದನಗಳ ನೋವಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಎಂಬ ಔಷಧಿಯು ಸತ್ತ ದನದ ಮಾಂಸದ ಮೂಲಕ ರಣಹದ್ದಿನ ಮೂತ್ರಪಿಂಡಗಳನ್ನು ಕೆಡಿಸುತ್ತದೆಂಬುದು 2004ರಲ್ಲಿ ಪ್ರಕಟವಾದ ಸಂಶೋಧನೆಯಿಂದ ತಿಳಿದುಬಂದಿತು. 1990ರ ದಶಕದಿಂದ ಭಾರತದ ಮೂರು ಪ್ರಭೇದದ ರಣಹದ್ದುಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಭಾಗ ನಾಶವಾಗಿದ್ದುವು. 2006ರಲ್ಲಿ ಪಶುಚಿಕಿತ್ಸೆಯಲ್ಲಿ ಆ ಔಷಧಿಯನ್ನು ನಿಷೇಧಿಸಲಾಯಿತು. ಉದ್ದಕೊಕ್ಕಿನ ರಣಹದ್ದುಗಳು ಗೂಡುಕಟ್ಟುವ ರಾಮನಗರದ ರಾಮದೇವರಬೆಟ್ಟವನ್ನು 2012ರಲ್ಲಿ ರಣಹದ್ದುಗಳ ಧಾಮವೆಂದು ಘೋಷಿಸಲಾಯಿತು.

ಮಹಾಪೆಟ್ರೆಲ್, ಉದ್ದಕೊಕ್ಕಿನ ರಣಹದ್ದು ಇವೆರಡೂ ಒಂದು ಋತುವಿನಲ್ಲಿ ಇಡುವುದು ಒಂದೇ ಮೊಟ್ಟೆ. ದೀರ್ಘಾಯುಸ್ಸನ್ನು ನಂಬಿ ಸಂತಾನವನ್ನು ಮಿತಗೊಳಿಸಿದ ಇಂತಹ ಪಕ್ಷಿಗಳಲ್ಲಿ ವಯಸ್ಕ ಹಕ್ಕಿಗಳು ಕೆಲವೇ ವರ್ಷಗಳಲ್ಲಿ ಸತ್ತರೆ, ಆ ನಷ್ಟ ತುಂಬಲು ದಶಕಗಳೇ ಬೇಕಾಗುತ್ತವೆ. ಹಿಮದ ದಡದಲ್ಲಾಗಲಿ ಕಾವೇರಿಯ ಕಣಿವೆಯಲ್ಲಾಗಲಿ ಈ ಲೆಕ್ಕ ಬದಲಾಗದು. ಆದುದರಿಂದ ಅವುಗಳ ರಕ್ಷಣೆಯು ಸಂಖ್ಯೆ ಕುಸಿಯುವುದಕ್ಕೆ ಮುನ್ನವೇ ಆರಂಭವಾಗತಕ್ಕದ್ದು.