ಬಚ್ಚಲ ನೀರಿಗೂ ಒಂದು ನೆಲೆ ಬೇಕು

ಮುಂಬಯಿಯ ಚಾಳಿನಲ್ಲಿ ಮೋರಿಗೆ ಸುರಿದ ನೀರು ಎಲ್ಲಿ ಹೋಯಿತೆಂದು ನಾವು ಯಾರೂ ಯೋಚಿಸುವುದಿಲ್ಲ. ನಗರದ ಒಳಚರಂಡಿ ಅದನ್ನು ಹೊತ್ತೊಯ್ಯುತ್ತದೆ. ನಮ್ಮ ಹಳ್ಳಿಗಳಲ್ಲಿ ಬಹುಮಟ್ಟಿಗೆ ಅಂಥ ಏರ್ಪಾಡು ಇಲ್ಲ. ಹಿಂದೆ ಅದರ ಅವಶ್ಯಕತೆಯೂ ಅಷ್ಟಾಗಿ ಇರಲಿಲ್ಲ. ಬಾವಿಯಿಂದ ಕೊಡದಲ್ಲಿ ಹೊತ್ತು ತಂದ ನೀರನ್ನು ಯಾರೂ ವ್ಯರ್ಥ ಚೆಲ್ಲುತ್ತಿರಲಿಲ್ಲ. ಬಚ್ಚಲಿನಿಂದ ಹೊರಬಿದ್ದಷ್ಟನ್ನು ಹಿತ್ತಿಲ ಬಾಳೆಗಿಡ ಕುಡಿದುಬಿಡುತ್ತಿತ್ತು.

ಈಗ ಮನೆಮನೆಗೆ ನಳ ಬರುತ್ತಿದೆ. 2019ರಲ್ಲಿ ಆರಂಭವಾದ ಜಲ ಜೀವನ ಮಿಷನ್ನಿನ ಗುರಿ ತಲೆಗೆ ದಿನಕ್ಕೆ 55 ಲೀಟರ್. ಐದು ಜನರ ಮನೆಗೆ 275 ಲೀಟರ್ ಆಯಿತು. ಅದರಲ್ಲಿ ಸುಮಾರು 200 ಲೀಟರ್ ಕೊಳೆನೀರಾಗಿ ಹೊರಬರುತ್ತದೆಂದು ಹಿಡಿದರೂ, ನೂರು ಮನೆಯ ಊರಿನಲ್ಲಿ ದಿನಕ್ಕೆ 20,000 ಲೀಟರ್! ಇದಕ್ಕೆ ನೆಲೆಯಿಲ್ಲದಿದ್ದರೆ ಅದು ಓಣಿಯಲ್ಲಿ ನಿಲ್ಲುತ್ತದೆ. ಇಂಥ ಕೊಳೆನೀರಿನಲ್ಲಿ ಹುಟ್ಟುವ ಕ್ಯೂಲೆಕ್ಸ್ ಸೊಳ್ಳೆಯೇ ಕಲಬುರ್ಗಿ, ವಿಜಾಪುರದ ಕಡೆಯವರಿಗೆ ಗೊತ್ತಿರುವ ಆನೆಕಾಲು ರೋಗವನ್ನು ಹರಡುತ್ತದೆ.

ಮೊದಲು ತಿಳಿಯಬೇಕಾದದ್ದು, ಕೊಳೆನೀರಿನಲ್ಲಿ ಎರಡು ಬಗೆಯುಂಟು. ಸ್ನಾನ, ಬಟ್ಟೆ, ಪಾತ್ರೆ ತೊಳೆದ ನೀರಿನಿಂದ ಅಪಾಯ ಕಡಿಮೆ. ಪಾಯಖಾನೆಯ ನೀರಿನಲ್ಲಾದರೋ ಕಾಲರಾ, ವಿಷಮಶೀತಜ್ವರಗಳ ಬೀಜವಿರಬಹುದು. ಇವೆರಡನ್ನು ಕೂಡಿಸಿದರೆ ಎಲ್ಲವೂ ಅಪಾಯದ ನೀರೇ ಆಗುತ್ತದೆ. ಆದುದರಿಂದ ಬೇರೆ ಬೇರೆ ಇಡಬೇಕು.

ಬಚ್ಚಲ ನೀರಿಗೆ ಇಂಗುಗುಂಡಿ ಸಾಕು. ಉದ್ದ, ಅಗಲ, ಆಳ ಒಂದೊಂದು ಮೀಟರಿನ ಗುಂಡಿ ತೋಡಿ, ತಳಕ್ಕೆ ದೊಡ್ಡ ಕಲ್ಲು, ನಡುವೆ ಮಧ್ಯಮ, ಮೇಲೆ ಸಣ್ಣ ಕಲ್ಲು ತುಂಬಬೇಕು. ನೀರು ಬೀಳುವಲ್ಲಿ ತೂತು ಕೊರೆದ ಮಡಕೆಯಲ್ಲಿ ತೆಂಗಿನ ನಾರು ಇಟ್ಟರೆ ಜಿಡ್ಡು, ಅನ್ನದಗುಳು ಅಲ್ಲಿಯೇ ತಡೆಯುತ್ತವೆ. ನಾರನ್ನು ಆಗಾಗ ಬದಲಿಸಬೇಕು. ಮೇಲೆ ಗೋಣಿತಟ್ಟು ಹಾಸಿ ಮಣ್ಣು ಮುಚ್ಚಿದರೆ ಸೊಳ್ಳೆಗೆ ಎಡೆಯಿಲ್ಲ. ಮಣ್ಣಿನಲ್ಲಿರುವ ಸೂಕ್ಷ್ಮ ಜೀವಿಗಳು ಹೊಲಸನ್ನು ತಿಂದು ನೀರನ್ನು ಶೋಧಿಸುತ್ತವೆ. ಕೆಲವು ವರ್ಷಗಳ ಮೇಲೆ ಇಂಗುವುದು ನಿಂತರೆ ಕಲ್ಲು ತೆಗೆದು ತೊಳೆದು ಮತ್ತೆ ತುಂಬಿದರಾಯಿತು.

ಕೆಮ್ಮಣ್ಣಿನಲ್ಲಿ ಇದು ಚೆನ್ನಾಗಿ ನಡೆಯುತ್ತದೆ. ಎರೆಭೂಮಿಯವರು ಮಾತ್ರ ಎಚ್ಚರಿಕೆಯಿಂದಿರಬೇಕು. ಎರೆಮಣ್ಣು ನೆನೆದರೆ ಉಬ್ಬಿ ಬಿಗಿದುಕೊಳ್ಳುತ್ತದೆ, ನೀರು ಇಂಗದು. ಅಲ್ಲಿ ಹಿತ್ತಿಲ ಗಿಡಗಳಿಗೆ ಹಾಯಿಸುವುದು ಲೇಸು. ಹಿತ್ತಿಲಿಲ್ಲದ ಓಣಿಗಳ ನೀರನ್ನು ಚರಂಡಿಯಿಂದ ಊರ ಹೊರಗೆ ಒಯ್ದು, ಸಾಲಾಗಿ ತೋಡಿದ ಹೊಂಡಗಳಲ್ಲಿ ನಿಲ್ಲಿಸಬಹುದು. ಅಲ್ಲಿ ಕೆಸರು ತಳಕ್ಕಿಳಿದು, ಪಾಚಿಯೂ ಬಿಸಿಲೂ ನೀರನ್ನು ಹದಕ್ಕೆ ತರುತ್ತವೆ. ಇದು ಒಬ್ಬರಿಂದ ಆಗುವ ಕೆಲಸವಲ್ಲ, ಪಂಚಾಯತಿಯದು.

ಇನ್ನು ಪಾಯಖಾನೆ. ಇಲ್ಲಿಯೇ ನಮ್ಮವರು ಮೋಸ ಹೋಗುವುದು. ಇಲ್ಲಿಂದ ಕಷ್ಟಪಟ್ಟು ಕಳಿಸಿದ ಹಣದಲ್ಲಿ ಗವಂಡಿಯು ದೊಡ್ಡದೊಂದು ಸೆಪ್ಟಿಕ್ ಟ್ಯಾಂಕ್ ಕಟ್ಟಿ, ಅದರ ನೀರನ್ನು ಗಟಾರಕ್ಕೆ ಬಿಟ್ಟುಬಿಡುತ್ತಾನೆ. ಟ್ಯಾಂಕಿನಿಂದ ಹೊರಬರುವ ನೀರು ತಿಳಿಯಾಗಿ ಕಂಡರೂ ರೋಗದ ಬೀಜ ಅದರಲ್ಲಿರುತ್ತದೆ. ಒಳಗೆ ಕೆಸರು ತುಂಬಿದಾಗ ಮೋಟಾರು ಗಾಡಿ ಕರೆಸಿ ತೆಗೆಸಬೇಕು. ಅದರೊಳಗಿನ ವಿಷವಾಯು ಇಳಿದವರ ಪ್ರಾಣ ತೆಗೆಯುತ್ತದೆ. ರಕ್ಷಣೆಯ ಸಾಧನಗಳಿಲ್ಲದೆ ಮನುಷ್ಯರನ್ನು ಇಳಿಸುವುದು 2013ರ ಕಾಯಿದೆಯಂತೆ ಅಪರಾಧ.

ಸಣ್ಣ ಮನೆಗೆ ಎರಡು ಗುಂಡಿಯ ಪದ್ಧತಿಯೇ ಮೇಲು. ಗೋಡೆಯ ಇಟ್ಟಿಗೆಗಳ ನಡುವೆ ಸಂದು ಬಿಟ್ಟು, ತಳಕ್ಕೆ ಗಿಲಾವು ಮಾಡದೆ ಕಟ್ಟಿದ ಎರಡು ಗುಂಡಿಗಳು. ಒಮ್ಮೆಗೆ ಒಂದರ ಬಳಕೆ. ಅದು ತುಂಬಲು ಸಾಮಾನ್ಯವಾಗಿ ಮೂರು ವರ್ಷ. ಆಗ ಎರಡನೆಯದಕ್ಕೆ ದಾರಿ ತಿರುಗಿಸಬೇಕು. ಮುಚ್ಚಿಟ್ಟ ಗುಂಡಿಯಲ್ಲಿದ್ದದ್ದು ಎರಡು ವರ್ಷದಲ್ಲಿ ವಾಸನೆಯಿಲ್ಲದ ಗೊಬ್ಬರವಾಗುತ್ತದೆ. ಬಚ್ಚಲ ನೀರನ್ನು ಇದಕ್ಕೆ ಬಿಡಬಾರದು. ಕುಡಿಯುವ ನೀರಿನ ಬಾವಿಯಿಂದ ಕನಿಷ್ಠ 10 ಮೀಟರ್ ದೂರವಿರಬೇಕು; ಕರಾವಳಿಯಂತೆ ಮಳೆಗಾಲದಲ್ಲಿ ನೆಲದ ನೀರು ಮೇಲೇರುವಲ್ಲಿ ಇನ್ನೂ ದೂರ.

ಊರಿಗೆ ಹಣ ಕಳಿಸುವ ದಿನ ಮನೆಯವರಿಗೆ ಎರಡೇ ಪ್ರಶ್ನೆ ಕೇಳಿರಿ: ನಮ್ಮ ಬಚ್ಚಲ ನೀರು ಎಲ್ಲಿಗೆ ಹೋಗುತ್ತದೆ? ಪಾಯಖಾನೆಗೆ ಗುಂಡಿ ಒಂದೋ, ಎರಡೋ? ಉತ್ತರ ಸರಿಯಿಲ್ಲವಾದರೆ ಮುಂದಿನ ರಜೆಯ ಎರಡು ದಿನಗಳನ್ನು ಇಂಗುಗುಂಡಿಗೆ ಮೀಸಲಿಡಿರಿ. ಊರಿನ ಮಕ್ಕಳ ಆರೋಗ್ಯಕ್ಕೆ ಅದಕ್ಕಿಂತ ಒಳ್ಳೆಯ ಕಾಣಿಕೆ ಬೇರೆ ಯಾವುದಿದೆ?