ಹೊಲದಡಿಯ ಕೊಳವೆ: ಅದರ ಕಾವಲು ಯಾರದು?



ಹೊಲದ ಬದುವಿನಲ್ಲೋ ತೆಂಗಿನ ತೋಟದ ಅಂಚಿನಲ್ಲೋ ಬಣ್ಣ ಬಳಿದ ಕಂಬವೊಂದು ನೆಟ್ಟಿರುವುದನ್ನು ನಮ್ಮ ಜಿಲ್ಲೆಯಲ್ಲಿ ಅನೇಕರು ಕಂಡಿರಬಹುದು. ಅದರ ಮೇಲೆ ಕಂಪನಿಯ ಹೆಸರೂ ಒಂದು ಫೋನ್ ನಂಬರೂ ಇರುತ್ತವೆ. ಅದರ ಕೆಳಗೆ, ನೇಗಿಲಿಗೆ ಎಟುಕದ ಆಳದಲ್ಲಿ, ಉಕ್ಕಿನ ಕೊಳವೆ ಹಾದುಹೋಗಿದೆ ಎಂಬುದಕ್ಕೆ ಆ ಕಂಬವೇ ಗುರುತು.

ಮಂಗಳೂರಿನಿಂದ ಹಾಸನದ ಮಾರ್ಗವಾಗಿ ಬೆಂಗಳೂರಿನ ಕಡೆಗೆ ಪೆಟ್ರೋಲು, ಡೀಸೆಲುಗಳನ್ನು ಸಾಗಿಸುವ ಪೆಟ್ರೋನೆಟ್ ಎಂ.ಎಚ್.ಬಿ. ಕೊಳವೆಮಾರ್ಗವು 2003ರಲ್ಲಿ ಆರಂಭವಾಯಿತು. ಅದರ ಉದ್ದ 360 ಕಿಲೋಮೀಟರಿಗೂ ಹೆಚ್ಚು. ಸಿಲಿಂಡರಿನಲ್ಲಿ ನಮ್ಮ ಮನೆಗೆ ಬರುವ ಅಡಿಗೆ ಅನಿಲವನ್ನು ಸಾಗಿಸುವ ಹಿಂದೂಸ್ತಾನ್ ಪೆಟ್ರೋಲಿಯಂ ಸಂಸ್ಥೆಯ ಕೊಳವೆಯೂ ಮಂಗಳೂರಿನಿಂದ ಹಾಸನಕ್ಕೆ ಬಂದು ಮೈಸೂರಿನ ಕಡೆಗೆ ಹೋಗುತ್ತದೆ. ನೈಸರ್ಗಿಕ ಅನಿಲದ ದೊಡ್ಡ ಕೊಳವೆಗಳು ರಾಜ್ಯದ ಬೇರೆ ಭಾಗಗಳಲ್ಲಿವೆ. ಮಹಾರಾಷ್ಟ್ರದ ದಾಭೋಲಿನಿಂದ ಬೆಂಗಳೂರಿಗೆ ಬರುವುದು ಒಂದು. 2021ರ ಜನವರಿ 5ರಂದು ಉದ್ಘಾಟನೆಯಾದ ಕೊಚ್ಚಿ-ಮಂಗಳೂರು ಮಾರ್ಗ ಇನ್ನೊಂದು. ಒಳಗೆ ಹರಿಯುವ ವಸ್ತು ಬೇರೆಬೇರೆಯಾದರೂ, ನಮ್ಮ ಜಮೀನಿನ ಮಟ್ಟಿಗೆ ಕಾನೂನು ಒಂದೇ. ಅದು 1962ರಲ್ಲಿ ಬಂದ ಪೆಟ್ರೋಲಿಯಂ ಮತ್ತು ಖನಿಜ ಕೊಳವೆಮಾರ್ಗಗಳ ಕಾಯಿದೆ.

ಈ ಕಾಯಿದೆಯಲ್ಲಿ ಜಮೀನು ನಮ್ಮ ಕೈಬಿಟ್ಟು ಹೋಗುವುದಿಲ್ಲ. ಸರ್ಕಾರ ಪಡೆಯುವುದು ಒಂದು ಪಟ್ಟೆ ನೆಲದ ಬಳಕೆಯ ಹಕ್ಕನ್ನು ಮಾತ್ರ. ಕೊಳವೆ ಹೂತು ನೆಲ ಮುಚ್ಚಿದ ಮೇಲೆ ಅಲ್ಲಿ ರಾಗಿ, ಆಲೂಗೆಡ್ಡೆ, ಜೋಳ ಮೊದಲಾದ ಬೆಳೆಗಳನ್ನು ಹಿಂದಿನಂತೆಯೇ ಬೆಳೆಯಬಹುದು. ಆದರೆ ಆ ಪಟ್ಟೆಯಲ್ಲಿ ಮನೆ, ಕೊಟ್ಟಿಗೆ ಕಟ್ಟಕೂಡದು, ಬಾವಿ, ಕೆರೆ, ಹೊಂಡ ತೋಡಕೂಡದು, ಮರ ನೆಡಕೂಡದು. ಚನ್ನರಾಯಪಟ್ಟಣದ ಕಡೆಯ ತೆಂಗಿನ ಬೆಳೆಗಾರರಿಗೆ ಈ ಕಡೆಯ ಮಾತು ಕಷ್ಟದ್ದೇ ಸರಿ. ಕಂಪನಿಗೂ ಕಟ್ಟುಪಾಡು ಉಂಟು. ಜನ ವಾಸಿಸುವ ಜಾಗದಡಿಯಲ್ಲಿ ಕೊಳವೆ ಹಾಕುವಂತಿಲ್ಲ. ನೆಲಮಟ್ಟದಿಂದ ಒಂದು ಮೀಟರಿಗಿಂತ ಕಡಿಮೆ ಆಳದಲ್ಲಿ ಹೂಳುವಂತಿಲ್ಲ. ಮಳೆಗೆ ಮಣ್ಣು ಕೊಚ್ಚಿ ಹಳ್ಳದ ಬದಿಯಲ್ಲಿ ಕೊಳವೆ ಮೇಲೆ ಕಾಣಿಸಿಕೊಂಡರೆ ಅದು ಸಣ್ಣ ವಿಷಯವಲ್ಲ, ಕೂಡಲೇ ತಿಳಿಸತಕ್ಕದ್ದು.

ಇನ್ನು ಕಂಪನಿಯ ಮೇಲೆ ಕಣ್ಣಿಡುವವರು ಯಾರು? 2006ರ ಕಾಯಿದೆಯಂತೆ ದೆಹಲಿಯಲ್ಲಿ ಪೆಟ್ರೋಲಿಯಂ ಮತ್ತು ನೈಸರ್ಗಿಕ ಅನಿಲ ನಿಯಂತ್ರಣ ಮಂಡಲಿ ಏರ್ಪಟ್ಟಿದೆ. ನೈಸರ್ಗಿಕ ಅನಿಲದ ಕೊಳವೆಗಳ ಉಕ್ಕು, ಬೆಸುಗೆ, ಒತ್ತಡ, ಪರೀಕ್ಷೆಗಳ ಬಗ್ಗೆ ಅದು 2009ರಲ್ಲಿ ಸುರಕ್ಷತಾ ನಿಯಮಗಳನ್ನು ಹೊರಡಿಸಿತು. ಕೊಳವೆ ಹಳೆಯದಾದಂತೆ ಅದರ ಆರೋಗ್ಯವನ್ನು ನೋಡಿಕೊಳ್ಳುವ ನಿಯಮಗಳು 2012ರಲ್ಲಿ ಬಂದವು. ಮಂಡಲಿಯ ಆದೇಶವನ್ನು ಮೀರಿದ ಕಂಪನಿಗೆ ಒಂದು ಕೋಟಿ ರೂಪಾಯಿವರೆಗೆ ದಂಡ ಹಾಕಬಹುದು. ತಪ್ಪು ಮುಂದುವರಿದರೆ ದಿನವೊಂದಕ್ಕೆ ಇಷ್ಟೆಂದು ಮತ್ತೆ ದಂಡವುಂಟು. ಪರವಾನಗಿಯನ್ನೇ ರದ್ದು ಮಾಡಲೂ ಅಧಿಕಾರವುಂಟು. ಇದಲ್ಲದೆ ತೈಲೋದ್ಯಮ ಸುರಕ್ಷತಾ ನಿರ್ದೇಶನಾಲಯವೆಂಬ ಕೇಂದ್ರ ಸಂಸ್ಥೆಯೊಂದು 1986ರಿಂದ ತಪಾಸಣೆ ನಡೆಸುತ್ತಿದೆ.

ಉಕ್ಕಿನ ದೊಡ್ಡ ಶತ್ರು ತುಕ್ಕು. ಅದನ್ನು ತಡೆಯಲು ಕೊಳವೆಗೆ ಹೊರಗಡೆ ಲೇಪನ ಹಾಕಿ, ಮೇಲೆ ಅಲ್ಪ ಪ್ರಮಾಣದ ವಿದ್ಯುತ್ತನ್ನೂ ಹರಿಸುತ್ತಾರೆ. ಹೊಲದ ಕೆಲವು ಕಂಬಗಳಲ್ಲಿ ಸಣ್ಣ ಪೆಟ್ಟಿಗೆ ಇರುವುದು ಈ ವಿದ್ಯುತ್ತನ್ನು ಅಳೆಯುವುದಕ್ಕಾಗಿ. ಎಮ್ಮೆ ಕಟ್ಟಲು ಆ ಕಂಬ ಅನುಕೂಲವಾಗಿದೆಯೆಂದು ಕಂಡರೂ ಕಟ್ಟಬಾರದು. ಒಳಗಡೆಯ ಸವೆತವನ್ನು ಕಂಡುಹಿಡಿಯಲು 'ಪಿಗ್' ಎಂಬ ಉಪಕರಣವನ್ನು ಕೊಳವೆಯೊಳಗೆ ತೂರಿಬಿಡುತ್ತಾರೆ. ಅದು ಹರಿವಿನೊಡನೆ ಸಾಗುತ್ತಾ ಗೋಡೆಯ ದಪ್ಪ ಎಲ್ಲೆಲ್ಲಿ ತೆಳುವಾಗಿದೆಯೆಂದು ದಾಖಲೆ ಮಾಡಿಕೊಳ್ಳುತ್ತದೆ.

ಇಷ್ಟೆಲ್ಲ ನಿಯಮಗಳಿದ್ದೂ ಅನಾಹುತವಾದುದುಂಟು. 2014ರ ಜೂನ್ 27ರ ಬೆಳಗಿನ ಜಾವ ಆಂಧ್ರದ ಪೂರ್ವ ಗೋದಾವರಿ ಜಿಲ್ಲೆಯ ನಗರಂ ಗ್ರಾಮದಲ್ಲಿ ಗೇಲ್ ಸಂಸ್ಥೆಯ ಅನಿಲ ಕೊಳವೆ ಸೋರಿ ಬೆಂಕಿ ಹತ್ತಿತು. 20ಕ್ಕೂ ಹೆಚ್ಚು ಜನ ಸತ್ತರು. ಮನೆಗಳೂ ಸುತ್ತಲ ತೆಂಗಿನ ಮರಗಳೂ ಸುಟ್ಟುಹೋದವು. ಒಣ ಅನಿಲಕ್ಕೆಂದು ಹಾಕಿದ್ದ ಕೊಳವೆಯಲ್ಲಿ ನೀರಿನಂಶವಿದ್ದ ಹಸಿ ಅನಿಲವನ್ನು ಸಾಗಿಸಿದ್ದರಿಂದ ಒಳಗಿನಿಂದ ತುಕ್ಕು ಹಿಡಿದಿತ್ತೆಂದು ವಿಚಾರಣೆಯಲ್ಲಿ ಹೊರಬಿತ್ತು. ಸೋರಿಕೆಯ ಬಗ್ಗೆ ತಾವು ಮೊದಲೇ ದೂರಿದ್ದೆವೆಂದು ಊರಿನವರು ಆಮೇಲೆ ಹೇಳಿದರು.

ಅಮೆರಿಕದಂಥ ದೇಶದಲ್ಲೂ ಇದು ತಪ್ಪಿಲ್ಲ. 2010ರ ಸೆಪ್ಟೆಂಬರ್ 9ರಂದು ಕ್ಯಾಲಿಫೋರ್ನಿಯದ ಸ್ಯಾನ್ ಬ್ರೂನೋ ಊರಿನಲ್ಲಿ ಅನಿಲ ಕೊಳವೆ ಸಿಡಿದು 8 ಜನ ಮಡಿದರು. ಕೊಳವೆಗೆ ಉದ್ದನೆಯ ಬೆಸುಗೆಯೇ ಇಲ್ಲವೆಂದು ಕಂಪನಿಯ ಕಡತ ಹೇಳುತ್ತಿತ್ತು. ಅಗೆದು ನೋಡಿದರೆ ಬೆಸುಗೆ ಇತ್ತು, ಅದೂ ಕೆಟ್ಟ ಬೆಸುಗೆ. 2015ರಲ್ಲಿ ಅಲ್ಲಿನ ರಾಜ್ಯದ ಆಯೋಗವು ಆ ಕಂಪನಿಗೆ 160 ಕೋಟಿ ಡಾಲರುಗಳ ದಂಡ ವಿಧಿಸಿತು. ದಂಡ ಎಷ್ಟು ದೊಡ್ಡದಾದರೂ ಅದು ಅನಾಹುತದ ನಂತರ ಬರುವುದು. ದೆಹಲಿಯ ಮಂಡಲಿ ಪ್ರತಿ ಹೊಲಕ್ಕೂ ಬಂದು ನೋಡಲಾರದು. ಕಡತದಲ್ಲಿರುವುದಕ್ಕೂ ನೆಲದಲ್ಲಿರುವುದಕ್ಕೂ ವ್ಯತ್ಯಾಸವಿದ್ದರೆ ಅದು ಮೊದಲು ಕಣ್ಣಿಗೆ ಬೀಳುವುದು ಉಳುವವನಿಗೇ. ಆದುದರಿಂದ ದೂರನ್ನು ಫೋನಿನಲ್ಲಿ ಹೇಳಿ ಸುಮ್ಮನಾಗದೆ, ಬರೆದು ಕೊಟ್ಟು ಸ್ವೀಕೃತಿ ಪಡೆಯಿರಿ. ಒಂದು ಪ್ರತಿಯನ್ನು ಗ್ರಾಮ ಪಂಚಾಯಿತಿಗೂ ಇನ್ನೊಂದನ್ನು ತಹಸೀಲ್ದಾರರಿಗೂ ಕೊಡಿ. ಬಾಯಿಮಾತು ಗಾಳಿಗೆ ಹೋಗುತ್ತದೆ. ಸಹಿಯಿರುವ ಕಾಗದ ವಿಚಾರಣೆಯ ದಿನ ಮಾತಾಡುತ್ತದೆ.

ಇನ್ನೊಂದು ವಿಷಯ ನಮ್ಮ ಪಂಚಾಯಿತಿಗಳ ಗಮನಕ್ಕೆ ಬರಬೇಕು. ಅನಿಲ ಕೊಳವೆಯ ಎರಡು ಬದಿಗೂ 200 ಮೀಟರಿನೊಳಗೆ, 1,600 ಮೀಟರು ಉದ್ದಕ್ಕೆ ಎಷ್ಟು ಮನೆಗಳಿವೆಯೆಂದು ಎಣಿಸಿ ಆ ಜಾಗದ ದರ್ಜೆಯನ್ನು ಗೊತ್ತುಮಾಡುತ್ತಾರೆ. ಮನೆ ಹೆಚ್ಚಿದಷ್ಟೂ ಕೊಳವೆಯ ಗೋಡೆ ದಪ್ಪವಿರಬೇಕು, ಇಲ್ಲವೇ ಒತ್ತಡ ತಗ್ಗಬೇಕು. ಬರಿಯ ಹೊಲವೆಂದು ಎಣಿಸಿದ್ದ ಕಡೆ ಬಡಾವಣೆ ಎದ್ದರೆ ಹಳೆಯ ಲೆಕ್ಕ ನಡೆಯದು. ಹೊಸ ಬಡಾವಣೆಗೆ ಒಪ್ಪಿಗೆ ಕೊಡುವ ಮುನ್ನ ಕೊಳವೆಯ ಕಂಪನಿಗೆ ಪತ್ರ ಬರೆಯುವುದು ಒಳ್ಳೆಯದು.

ಸೋರಿಕೆಯ ಗುರುತುಗಳು ಇವು: ನೆಲದಿಂದ ಬುಸುಗುಟ್ಟುವ ಸದ್ದು, ಕಾರಣವಿಲ್ಲದೆ ಹಾರುವ ಧೂಳು, ನಿಂತ ನೀರಿನಲ್ಲಿ ಗುಳ್ಳೆ, ಸುತ್ತಲ ಪೈರು ಹಸುರಾಗಿರುವಾಗ ಒಂದೇ ಕಡೆ ಒಣಗಿದ ಪೈರು. ದೊಡ್ಡ ಕೊಳವೆಯ ನೈಸರ್ಗಿಕ ಅನಿಲಕ್ಕೆ ವಾಸನೆ ಇಲ್ಲದೆಯೂ ಇರಬಹುದು. ಆದಕಾರಣ ಮೂಗನ್ನೊಂದನ್ನೇ ನಂಬಬೇಡಿ. ನೈಸರ್ಗಿಕ ಅನಿಲ ಗಾಳಿಗಿಂತ ಹಗುರ, ಮೇಲಕ್ಕೆ ಏರಿಹೋಗುತ್ತದೆ. ಹಾಸನದ ಮೂಲಕ ಹಾಯುವ ಅಡಿಗೆ ಅನಿಲ ಗಾಳಿಗಿಂತ ಭಾರ. ಅದು ಹಳ್ಳ, ಬಾವಿ, ಕಾಲುವೆಗಳಲ್ಲಿ ಇಳಿದು ನಿಲ್ಲುತ್ತದೆ, ದೂರದವರೆಗೂ ತೆವಳುತ್ತದೆ. ತಗ್ಗಿನಲ್ಲಿರುವವರು ಗಾಳಿ ಬೀಸಿ ಬರುವ ದಿಕ್ಕಿಗೆ, ಎತ್ತರದ ಕಡೆಗೆ ನಡೆದುಹೋಗಬೇಕು. ಬೀಡಿ ಹಚ್ಚಬೇಡಿ, ಟ್ರ್ಯಾಕ್ಟರು ಚಾಲೂ ಮಾಡಬೇಡಿ, ಪಂಪ್‌ಸೆಟ್ಟಿನ ಸ್ವಿಚ್ಚನ್ನು ಹಾಕಲೂಬೇಡಿ, ಆರಿಸಲೂಬೇಡಿ, ಏಕೆಂದರೆ ಎರಡರಲ್ಲೂ ಕಿಡಿ ಹಾರುತ್ತದೆ. ದೂರ ಹೋದ ಮೇಲೆ ಕಂಬದಲ್ಲಿರುವ ನಂಬರಿಗೂ 112ಕ್ಕೂ ಫೋನು ಮಾಡಿ.

ಜೆ.ಸಿ.ಬಿ. ತರಿಸುವ ಮುನ್ನ, ಬೋರ್‌ವೆಲ್ ಲಾರಿಯವನಿಗೆ ಹೇಳಿಕಳಿಸುವ ಮುನ್ನ, ಕಂಬದ ನಂಬರಿಗೆ ತಿಳಿಸಿ ಕಂಪನಿಯವರಿಂದ ಜಾಗ ಗುರುತು ಮಾಡಿಸಿಕೊಳ್ಳಿ. ಅಗೆಯುವವರಿಗೂ ನೆಲದಡಿಯ ಆಸ್ತಿಯುಳ್ಳವರಿಗೂ ಸಂಪರ್ಕ ಕಲ್ಪಿಸಲು 'ಕಾಲ್ ಬಿಫೋರ್ ಯು ಡಿಗ್' ಎಂಬ ಮೊಬೈಲ್ ಆ್ಯಪನ್ನು ಕೇಂದ್ರ ಸರ್ಕಾರ 2023ರ ಮಾರ್ಚಿಯಲ್ಲಿ ಹೊರತಂದಿತು. ಕೊಳವೆಗೆ ತೂತು ಕೊರೆದು ಡೀಸೆಲು ಕದಿಯುವ ಕೃತ್ಯವೂ ನಡೆದಿದೆ. 2021ರಲ್ಲಿ ಬಂಟ್ವಾಳ ತಾಲ್ಲೂಕಿನಲ್ಲಿ ಅಂಥದೊಂದು ಬಯಲಾಯಿತು. ರಾತ್ರಿ ವೇಳೆ ಪಟ್ಟೆಯ ಮೇಲೆ ಗುಂಡಿ ತೋಡುವವರನ್ನು ಕಂಡರೆ ಪೊಲೀಸರಿಗೆ ತಿಳಿಸಿ. ಜಮೀನನ್ನು ಗುತ್ತಿಗೆಗೆ ಕೇಳಿಕೊಂಡು ಬರುವ ಅಪರಿಚಿತರ ವಿಷಯದಲ್ಲೂ ಎಚ್ಚರವಿರಲಿ.

ಪರಿಹಾರದ ಮಾತು. ಕೊಳವೆ ಹಾಕುವಾಗ ಹಾಳಾದ ಬೆಳೆಗೂ ಕಡಿದ ಮರಕ್ಕೂ ಪರಿಹಾರ ಸಲ್ಲಬೇಕು. ಅದಲ್ಲದೆ ಪಟ್ಟೆಯ ನೆಲದ ಮಾರುಕಟ್ಟೆ ಬೆಲೆಯ ಶೇಕಡ 10ರಷ್ಟನ್ನು ಕೊಡಬೇಕು. ಈ ಬೆಲೆ ಮೊದಲ ಅಧಿಸೂಚನೆಯ ದಿನದ್ದು. ರಿಪೇರಿಗೆಂದು ಮತ್ತೆ ಬಂದು ಅಗೆದರೆ ಆ ನಷ್ಟಕ್ಕೂ ಪರಿಹಾರವುಂಟು. ತುರ್ತು ಹೊರತು ಮುಂಚಿತವಾಗಿ ತಿಳಿಸಿಯೇ ಬರಬೇಕು. ಹೊಸ ಕೊಳವೆಯ ಅಧಿಸೂಚನೆ ಹೊರಟಾಗ ಆಕ್ಷೇಪಣೆಗೆ ಕೊಡುವ ಅವಧಿ 21 ದಿನ ಮಾತ್ರ. ಸಕ್ಷಮ ಪ್ರಾಧಿಕಾರಿ ಗೊತ್ತುಮಾಡಿದ ಪರಿಹಾರ ಸಾಲದೆಂದು ತೋರಿದರೆ ಜಿಲ್ಲಾ ನ್ಯಾಯಾಧೀಶರ ಮುಂದೆ ಅರ್ಜಿ ಹಾಕಬಹುದು. ಅಂಥ ಅರ್ಜಿಗೆ ಬೆಳೆ ನಿಂತಿದ್ದಾಗಲೇ ತೆಗೆದ ಫೋಟೋ, ಪಹಣಿಯ ಪ್ರತಿ, ಕಡಿದ ಮರಗಳ ಎಣಿಕೆಯ ಮಹಜರು ಇವುಗಳನ್ನು ಜೋಪಾನವಾಗಿ ಇಟ್ಟುಕೊಂಡಿರಬೇಕು.