ಶಿಕಾರಿಪುರ 176 ಎಲ್ಲಿದೆ?

ಯೂನಿವರ್ಸಿಟಿ ಬಿಟ್ಟ ಮೇಲೆ ಲೈಬ್ರರಿ ಕಾರ್ಡೂ ಹೋಗುತ್ತೆ. ಶಾಸನ ಓದೋರಿಗೆ ಅದು ಅಷ್ಟು ದೊಡ್ಡ ನಷ್ಟವೇನಲ್ಲ; ಬಿ. ಎಲ್. ರೈಸ್ ಅವರ ಎಪಿಗ್ರಾಫಿಯ ಕರ್ನಾಟಿಕದ ಹಳೆಯ ಸಂಪುಟಗಳು ಆರ್ಕೈವ್.ಆರ್ಗ್‌ನಲ್ಲಿ ಉಚಿತವಾಗಿವೆ. ತಾಳಗುಂದದ ಕದಂಬ ಸ್ತಂಭಶಾಸನ ಬೇಕೆ? ಊರಿನ ಹೆಸರು ಟೈಪ್ ಮಾಡಿ ಕೂತರೆ ಕಷ್ಟ, ಹಳೆಯ ಅಚ್ಚಿನ ಸ್ಕ್ಯಾನನ್ನು ಯಂತ್ರ ಸರಿಯಾಗಿ ಓದೋದಿಲ್ಲ. ಸಂಪುಟ 7 (1902), ಶಿಕಾರಿಪುರ ತಾಲ್ಲೂಕು, ಸಂಖ್ಯೆ 176: ಹೀಗೆ ಹೋಗಿ. ತಾಲ್ಲೂಕು ಮತ್ತು ಸಂಖ್ಯೆಯೇ ಶಾಸನದ ವಿಳಾಸ.

ಆದರೆ ಮೈಸೂರು ವಿಶ್ವವಿದ್ಯಾನಿಲಯದ ಪರಿಷ್ಕೃತ ಆವೃತ್ತಿಯಲ್ಲಿ 7ನೇ ಸಂಪುಟ ಅಂದ್ರೆ ಮಂಡ್ಯ ಜಿಲ್ಲೆ! ಆವೃತ್ತಿ ಯಾವುದು ಅಂತ ಹೇಳದ ಅಡಿಟಿಪ್ಪಣಿ ಓದುಗರನ್ನು ಸುಮ್ಮನೆ ಅಲೆಸುತ್ತೆ. ನೀವು ಬರೆಯುವಾಗ ವರ್ಷವನ್ನೂ ಸೇರಿಸಿ. ರೈಸ್ ಪಾಠ ಸಿಕ್ಕಿತೇ? ಎಪಿಗ್ರಾಫಿಯ ಇಂಡಿಕದ 8ನೇ ಸಂಪುಟದಲ್ಲಿ ಕೀಲ್‌ಹಾರ್ನ್ ಸಂಪಾದಿಸಿದ ಪಾಠವನ್ನೂ ಪಕ್ಕದಲ್ಲಿಟ್ಟು ನೋಡಿ. ಅದೂ ಅಲ್ಲೇ ಪುಕ್ಕಟೆ ಸಿಗುತ್ತೆ.